‘ಏನೂ ಮಾಡಲ್ಲ, ಬನ್ನಿ!’

ನಾಯಿ ಸಾಕಿದವರ ಮನೆಯ ಗೇಟಿನ ಮುಂದೆ ಒಂದು ಸಲ ನಿಂತು ನೋಡಿ. ಒಳಗಿಂದ ಮೂವತ್ತು ಕೆ.ಜಿ. ತೂಕದ ಪ್ರಾಣಿಯೊಂದು ಕಂಬಿಯ ಮೇಲೆ ಎರಡೂ ಕಾಲು ಹಾಕಿ, ಹಲ್ಲು ಕಿಸಿದು, ಕುತ್ತಿಗೆಯ ಕೂದಲು ನಿಮಿರಿಸಿ ಬೊಗಳುತ್ತಿರುತ್ತದೆ. ಅದರ ಹಿಂದೆ ಪಂಚೆಯನ್ನೋ ನೈಟಿಯನ್ನೋ ಸರಿಮಾಡಿಕೊಳ್ಳುತ್ತಾ ಬರುವ ಯಜಮಾನರು ನಗುನಗುತ್ತಾ ಹೇಳುವ ಮಾತು ಒಂದೇ: ‘ಏನೂ ಮಾಡಲ್ಲ, ಬನ್ನಿ!’

ಕನ್ನಡನಾಡಿನಲ್ಲಿ ಪ್ರತಿದಿನ ಅತಿ ಹೆಚ್ಚು ಸಲ ಹೇಳಲಾಗುವ ಸುಳ್ಳು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದಕ್ಕೇ ಓಟು ಹಾಕುತ್ತೇನೆ. ‘ಐದೇ ನಿಮಿಷದಲ್ಲಿ ಬಂದೆ’ ಅನ್ನೋದು ಎರಡನೇ ಸ್ಥಾನದಲ್ಲಿರಬಹುದು. ಆದರೆ ಐದು ನಿಮಿಷದ ಸುಳ್ಳಿನಿಂದ ಯಾರ ಮೀನಖಂಡವೂ ಹರಿಯುವುದಿಲ್ಲ.

ಈ ಸುಳ್ಳನ್ನು ನಾನೂ ಹೇಳಿದ್ದೇನೆ. ನಾಲ್ಕು ವರ್ಷ ಹೇಳಿದ್ದೇನೆ. ಹಾಗಾಗಿ ಈ ಬರಹದಲ್ಲಿ ಬೈಗುಳ ಇದ್ದರೆ ಅದರಲ್ಲಿ ಮೊದಲ ಪಾಲು ನನ್ನದೇ ಅಂತ ಇಟ್ಟುಕೊಂಡು ಓದಿ.

ನಮ್ಮ ಮನೆಯ ನಾಯಿಯ ಹೆಸರು ಕರಿಯ. ಕಪ್ಪು ಲ್ಯಾಬ್ರಡಾರ್. ‘ಲ್ಯಾಬ್ರಡಾರ್ ಅಂದ್ರೆ ಪಾಪದ ನಾಯಿ, ಕಚ್ಚೋಕೇ ಬರಲ್ಲ ಅದಕ್ಕೆ’ ಅಂತ ಕೊಟ್ಟವರೂ ಹೇಳಿದ್ದರು, ತಂದವರೂ ನಂಬಿದ್ದೆವು. ಮೂರು ವರ್ಷ ಅದು ಹಾಗೇ ಇತ್ತು. ಆಮೇಲೆ ಒಂದು ದಿನ, ಮಲಗಿದ್ದಾಗ ತಲೆ ಸವರೋಕೆ ಹೋದ ನೆಂಟರೊಬ್ಬರ ಮೇಲೆ ಗುರ್ ಅಂತು. ನಾವು ಏನು ಮಾಡಿದೆವು? ಎಲ್ಲರೂ ಮಾಡುವುದನ್ನೇ. ‘ಮನೆಗೆ ಬಂದವರ ಮೇಲೆ ಗುರ್ ಅಂತೀಯಾ?’ ಅಂತ ಚಪ್ಪಲಿಯಲ್ಲಿ ಎರಡು ಬಿಟ್ಟೆವು. ಮತ್ತೊಂದು ಸಲ ಗುರ್ ಅಂತು, ಮತ್ತೆ ಎರಡು. ಆಮೇಲೆ ಗುರ್ ಅನ್ನೋದು ನಿಂತುಹೋಯಿತು. ‘ನೋಡಿದ್ರಾ, ದಂಡಂ ದಶಗುಣಂ’ ಅಂತ ಮನೆಮಂದಿಯೆಲ್ಲ ಬೀಗಿದೆವು.

ಆರು ತಿಂಗಳಾದ ಮೇಲೆ, ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಸೋಫಾದ ಕೆಳಗೆ ಒರೆಸೋಕೆ ಬಗ್ಗಿದಾಗ, ಪಕ್ಕದಲ್ಲೇ ಮಲಗಿದ್ದ ಕರಿಯನ ಕಿವಿಗೆ ಅವರ ಕೈ ತಗುಲಿತು. ಗುರ್ ಅನ್ನಲಿಲ್ಲ, ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ನೇರವಾಗಿ ಮುಂಗೈಗೆ ಬಾಯಿ ಹಾಕಿತು. ಬಲಗೈ.

ನಮ್ಮಮ್ಮ ಆಡಿದ ಮೊದಲ ಮಾತು, ‘ಅಯ್ಯೋ, ಮಲಗಿದ್ದ ನಾಯಿ ಹತ್ರ ಯಾಕಮ್ಮಾ ಹೋದೆ?’ ರಕ್ತ ಸುರಿಯುತ್ತಿದ್ದ ಕೈ ಹಿಡಿದುಕೊಂಡು ಅವರು ಹೇಳಿದ್ದು, ‘ಅದರದ್ದೇನೂ ತಪ್ಪಿಲ್ಲ ಅಮ್ಮಾವ್ರೇ, ನಾನೇ ನೋಡ್ಕಂಡು ಒರೆಸ್ಬೇಕಿತ್ತು.’

ಆ ಮಾತು ನೆನಪಾದರೆ ಇವತ್ತೂ ನನಗೆ ನಾಚಿಕೆಯಾಗುತ್ತೆ. ಅವತ್ತು ಆಗಲಿಲ್ಲ. ಅವತ್ತು ಸಮಾಧಾನವಾಯಿತು. ‘ಸದ್ಯ, ಗಲಾಟೆ ಮಾಡಲಿಲ್ಲವಲ್ಲ’ ಅಂತ.

ಎರಡು ಸಾವಿರ ರೂಪಾಯಿ ಕೊಟ್ಟೆವು. ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬಿಟ್ಟಿ, ನಿಜ. ಆದರೆ ಕಚ್ಚಿದ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಅಂತ ನಾಲ್ಕು ಸಲ ಸಾಲಿನಲ್ಲಿ ನಿಲ್ಲುವ ಅರ್ಧ ಅರ್ಧ ದಿನಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಊದಿದ ಬಲಗೈಯಲ್ಲಿ ಪಾತ್ರೆ ಉಜ್ಜೋಕಾಗಲ್ಲ. ನಾಲ್ಕು ಮನೆ ಕೆಲಸ ಮಾಡುತ್ತಿದ್ದರು. ಒಂದು ಮನೆಯವರು ಎರಡು ವಾರ ಕಾಯೋಕಾಗಲ್ಲ ಅಂತ ಬೇರೆಯವರನ್ನು ಇಟ್ಟುಕೊಂಡರು. ನಮ್ಮ ಎರಡು ಸಾವಿರ ಯಾವ ಮೂಲೆಗೆ?

ನನ್ನ ಜಗಳ ಇರೋದು ಇಲ್ಲೇ. ಸಾಕಿದ ನಾಯಿ ಕಚ್ಚುವುದು ಯಾರನ್ನ? ಮನೆಯ ಮಕ್ಕಳನ್ನು ಬಿಟ್ಟರೆ, ಪೇಪರ್ ಹಾಕುವ ಹುಡುಗನನ್ನ. ಗ್ಯಾಸ್ ಸಿಲಿಂಡರ್ ಹೊತ್ತು ಬರುವವನನ್ನ. ಹಾಲಿನವನನ್ನ, ಕಸದ ಗಾಡಿಯವರನ್ನ, ಮೀಟರ್ ರೀಡಿಂಗಿಗೆ ಬರುವವನನ್ನ, ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಂದುಕೊಡಬೇಕಾದ ಡೆಲಿವರಿ ಹುಡುಗನನ್ನ. ಇವರು ಯಾರೂ ನಮ್ಮ ಗೇಟಿಗೆ ಇಷ್ಟಪಟ್ಟು ಬರುವವರಲ್ಲ, ಕೆಲಸ ಅಂತ ಬರುವವರು. ನಾಯಿ ಇದೆ ಅಂತ ವಾಪಸು ಹೋಗುವ ಹಾಗಿಲ್ಲ. ಕಚ್ಚಿದರೆ ಜಗಳ ಆಡುವ ಹಾಗೂ ಇಲ್ಲ. ನಾವು ನಾಯಿಗೆ ಕೇಕ್ ಕತ್ತರಿಸಿ ಹುಟ್ಟುಹಬ್ಬ ಮಾಡುತ್ತೇವೆ, ಚಳಿಗೆ ಸ್ವೆಟರ್ ಹಾಕುತ್ತೇವೆ. ಆದರೆ ಅದರ ಸಿಟ್ಟಿಗೆ ತಿಳಿದವರ ಹತ್ತಿರ ಹೋಗಿ ಪರಿಹಾರ ಕೇಳಿ ಅಂದರೆ ಮಾತ್ರ, ‘ನಾಯಿಗೆಲ್ಲ ಸೈಕಾಲಜಿಸ್ಟಾ? ಶ್ರೀಮಂತರ ಶೋಕಿ’ ಅಂತ ನಗುತ್ತೇವೆ. ಯಾಕೆಂದರೆ ಆ ಸಿಟ್ಟಿನ ಖರ್ಚು ಬೀಳೋದು ಬೇರೆಯವರ ಮೈಮೇಲೆ.

ಕಚ್ಚುವ ನಾಯಿಗೆ ನಮ್ಮಲ್ಲಿ ನಾಲ್ಕು ಮನೆಮದ್ದುಗಳಿವೆ. ಒಂದು, ಹೊಡೆಯೋದು. ಎರಡು, ಕಟ್ಟಿಹಾಕೋದು. ಮೂರು, ‘ಒಂದು ಸಲ ಕ್ರಾಸ್ ಮಾಡಿಸಿದ್ರೆ ಸರಿಹೋಗುತ್ತೆ’. ನಾಲ್ಕು, ರಾತ್ರಿ ಹೊತ್ತು ಕಾರಿನಲ್ಲಿ ಹಾಕಿಕೊಂಡು ಹೋಗಿ ದೂರ ಬಿಟ್ಟು ಬರೋದು. ನಾಲ್ಕನ್ನೂ ಒಂದೊಂದಾಗಿ ನೋಡೋಣ.

ಹೊಡೆಯೋದರ ಹಿಂದೆ ಈಗ ಒಂದು ‘ವಿಜ್ಞಾನ’ವೂ ಸೇರಿಕೊಂಡಿದೆ. ‘ನಾಯಿ ತೋಳದ ಜಾತಿ, ಗುಂಪಿಗೊಬ್ಬ ಲೀಡರ್ ಇರ್ತಾನೆ, ನೀವೇ ಆಲ್ಫಾ ಅಂತ ತೋರಿಸ್ಬೇಕು, ನೆಲಕ್ಕೆ ಕೆಡವಿ ಒತ್ತಿ ಹಿಡೀಬೇಕು’ ಅಂತ ವಿಡಿಯೋ ನೋಡಿ ಕಲಿತವರು ಹೇಳುತ್ತಾರೆ. ಈ ಆಲ್ಫಾ ಕಥೆಯ ಮೂಲ ಕೇಳಿ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದದ್ದು. ಅದನ್ನು 1970ರಲ್ಲಿ ತನ್ನ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಎಂಬ ಅಮೆರಿಕದ ತೋಳತಜ್ಞರು, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ತಾವೇ ಅದು ತಪ್ಪು ಅಂತ ಬರೆದರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಷ್ಟೆ. ಅಲ್ಲಿ ಕುರ್ಚಿಗಾಗಿ ನಿತ್ಯ ಕುಸ್ತಿ ಇಲ್ಲ. ಹೇಳಿದವರೇ ವಾಪಸು ತೆಗೆದುಕೊಂಡ ಮಾತನ್ನು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಇನ್ನೂ ಶಾಸ್ತ್ರ ಅಂತ ಒಪ್ಪಿಸುತ್ತಿದ್ದಾರೆ.

ಹೊಡೆತದ ಪರಿಣಾಮ ಏನು ಅಂತ ಕರಿಯ ನಮಗೆ ಕಲಿಸಿದ. ಗುರ್ ಅನ್ನುವುದು ದುರಹಂಕಾರ ಅಲ್ಲ, ಎಚ್ಚರಿಕೆ. ‘ದೂರ ಹೋಗು, ನನಗೆ ಕಷ್ಟ ಆಗ್ತಿದೆ’ ಅಂತ ನಾಯಿ ಹೇಳುವ ರೀತಿ ಅದು. ಅದಕ್ಕೂ ಮೊದಲು ಅದು ಸಣ್ಣ ದನಿಯಲ್ಲಿ ಎಷ್ಟೋ ಸಲ ಹೇಳಿರುತ್ತೆ: ಮುಖ ತಿರುಗಿಸುತ್ತೆ, ತುಟಿ ನೆಕ್ಕಿಕೊಳ್ಳುತ್ತೆ, ನಿದ್ದೆ ಬರದಿದ್ದರೂ ಆಕಳಿಸುತ್ತೆ, ಕಣ್ಣಿನ ಬಿಳಿಭಾಗ ಕಾಣುವ ಹಾಗೆ ಓರೆಯಾಗಿ ನೋಡುತ್ತೆ, ಮೈ ಮರಗಟ್ಟಿಸಿ ನಿಲ್ಲುತ್ತೆ. ನಾವು ಇದ್ಯಾವುದನ್ನೂ ಓದಲ್ಲ. ಕೊನೆಗೆ ಗಟ್ಟಿಯಾಗಿ ಹೇಳಿದರೆ ಹೊಡೆಯುತ್ತೇವೆ. ಹೊಡೆದಾಗ ಹೋಗೋದು ಗುರ್ ಅನ್ನುವ ಸದ್ದು, ಅದರ ಒಳಗಿನ ಭಯವಲ್ಲ. ಮನೆಯ ಬೆಂಕಿ ಆರಿಸದೆ ಫೈರ್ ಅಲಾರಮ್ಮಿನ ವೈರು ಕಿತ್ತ ಹಾಗೆ. ಆಮೇಲೆ, ‘ಏನೂ ಸೂಚನೆ ಕೊಡ್ದೆ ಕಚ್ಚಿಬಿಡ್ತು’ ಅಂತ ಆಶ್ಚರ್ಯ ಪಡುತ್ತೇವೆ. ಸೂಚನೆ ಕೊಡಬೇಡ ಅಂತ ಕಲಿಸಿದವರು ನಾವೇ ಅಲ್ಲವಾ ಸ್ವಾಮಿ?

ಇನ್ನು ಕಟ್ಟಿಹಾಕೋದು. ಹಗಲೆಲ್ಲ ನಾಲ್ಕಡಿ ಚೈನಿನಲ್ಲಿ ಗೇಟಿನ ಪಕ್ಕ ಕಟ್ಟಿದ ನಾಯಿಗೆ ಓಡಿಹೋಗುವ ದಾರಿ ಇರಲ್ಲ. ಹೆದರಿದ ಪ್ರಾಣಿಗೆ ಎರಡೇ ದಾರಿ, ಓಡು ಇಲ್ಲವೇ ಎದುರಿಸು. ಒಂದನ್ನು ನೀವು ಮುಚ್ಚಿದರೆ ಉಳಿಯೋದು ಇನ್ನೊಂದೇ. ಬರುವವರೆಲ್ಲ ಅದು ಬೊಗಳಿದ ಮೇಲೆ ಹೋಗುತ್ತಾರೆ. ಪೋಸ್ಟಿನವನು ಹೋಗೋದು ಅವನ ಕೆಲಸ ಮುಗಿದದ್ದಕ್ಕೆ, ಆದರೆ ನಾಯಿಯ ಲೆಕ್ಕದಲ್ಲಿ ತಾನು ಓಡಿಸಿದ್ದಕ್ಕೆ. ದಿನಕ್ಕೆ ಹತ್ತು ಸಲ ಈ ಪಾಠ ನಡೆಯುತ್ತೆ, ಬಿಟ್ಟಿಯಾಗಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ನಾಯಿಯನ್ನು ವಾಡಿಕೆಯಾಗಿ ಕಟ್ಟಿಹಾಕಿ ಓಡಾಡಿಸದೇ ಇರುವುದೂ ಕ್ರೌರ್ಯವೇ. ಆದರೆ ಮೊದಲ ಸಲದ ತಪ್ಪಿಗೆ ಅದು ಹೇಳುವ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದು.

‘ಕ್ರಾಸ್ ಮಾಡಿಸಿದ್ರೆ ಸರಿಹೋಗುತ್ತೆ’ ಅನ್ನುವುದಕ್ಕೆ ಹೆಚ್ಚು ಮಾತು ಬೇಡ. ಮದುವೆ ಮಾಡಿದರೆ ಹುಡುಗ ಸರಿಹೋಗ್ತಾನೆ ಅಂತ ನಾವು ಮನುಷ್ಯರಿಗೂ ಮಾಡಿಕೊಂಡು ಬಂದ ಪ್ರಯೋಗ ಇದು. ಫಲಿತಾಂಶ ಎಲ್ಲರಿಗೂ ಗೊತ್ತಿದೆ. ಇಲ್ಲಿ ಇನ್ನೊಂದು ಅಪಾಯ ಇದೆ: ಅಂಜುಬುರುಕ ಸ್ವಭಾವ ಸ್ವಲ್ಪ ಮಟ್ಟಿಗೆ ವಂಶದಲ್ಲೂ ಇಳಿಯುತ್ತೆ. ಕಚ್ಚುವ ಒಂದು ನಾಯಿಯ ಸಮಸ್ಯೆಯನ್ನು ಎಂಟು ಮರಿಗಳ ಸಮಸ್ಯೆ ಮಾಡಿ ಹಂಚುತ್ತೇವೆ. ಇದಕ್ಕೆ ವಿರುದ್ಧವಾಗಿ, ಸಂತಾನಹರಣ ಮಾಡಿಸಿದರೆ ಎಲ್ಲ ಸರಿಹೋಗುತ್ತೆ ಅನ್ನೋರೂ ಇದ್ದಾರೆ. ಅದು ಒಳ್ಳೆಯ ಕೆಲಸವೇ, ಆದರೆ ಭಯದಿಂದ ಕಚ್ಚುವ ನಾಯಿಯ ಭಯವನ್ನು ಆ ಆಪರೇಷನ್ ಕತ್ತರಿಸಿ ತೆಗೆಯುವುದಿಲ್ಲ.

ನಾಲ್ಕನೆಯದು ದೂರ ಬಿಟ್ಟು ಬರೋದು. ರಿಂಗ್ ರೋಡಿನ ಪಕ್ಕ, ಕೆರೆ ಏರಿಯ ಮೇಲೆ, ಯಾವುದೋ ಹಳ್ಳಿಯ ಗಡಿಯಲ್ಲಿ ಕೊರಳಲ್ಲಿ ಇನ್ನೂ ಬೆಲ್ಟ್ ಇರುವ ಜಾತಿನಾಯಿಗಳು ಹೋಗುವ ಕಾರುಗಳ ಹಿಂದೆ ಓಡುವುದನ್ನು ನೀವೂ ನೋಡಿರುತ್ತೀರಿ. ಇದೂ ಅದೇ ಕಾಯ್ದೆಯಲ್ಲಿ ಅಪರಾಧ. ಅಪರಾಧದ ಮಾತು ಹಾಗಿರಲಿ, ನಿಮ್ಮ ಮಗುವಿಗೆ ಕಚ್ಚಬಾರದು ಅಂತ ಆ ನಾಯಿಯನ್ನು ಇನ್ನೊಬ್ಬರ ಮಗು ಸ್ಕೂಲಿಗೆ ಹೋಗುವ ದಾರಿಯಲ್ಲಿ ಬಿಟ್ಟು ಬಂದಿರಲ್ಲ, ಅದಕ್ಕೆ ಏನು ಹೆಸರು? ‘ನಾವು ಕೊಲ್ಲಲಿಲ್ಲ’ ಅನ್ನುವ ಸಮಾಧಾನ ಬೇರೆ. ಕಡೆಯ ಗಳಿಗೆಯಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಹತ್ತಲಾರೆ ಅಂದ ಧರ್ಮರಾಯನ ಕಥೆಯನ್ನು ಮಕ್ಕಳಿಗೆ ಹೇಳುವ ದೇಶ ನಮ್ಮದು!

ಹಾಗಾದರೆ ಏನು ಮಾಡಬೇಕಿತ್ತು? ನಾವು ಮಾಡಬೇಕಾಗಿದ್ದದ್ದು, ಗುರ್ ಅಂದ ಮೊದಲ ದಿನವೇ, ಪಶುವೈದ್ಯರ ಹತ್ತಿರ ಹೋಗುವುದು. ಟ್ರೈನರ್ ಹತ್ತಿರ ಅಲ್ಲ, ಮೊದಲು ಪಶುವೈದ್ಯರ ಹತ್ತಿರ.

ನಾವು ಹೋದದ್ದು ಯಾವಾಗ ಅಂತ ಹೇಳಿಬಿಡುತ್ತೇನೆ. ಅಕ್ಕನ ಕೈಗೆ ಕಚ್ಚಿದ ಮೇಲೆ ಐದು ತಿಂಗಳು ನಾವು ಎಲ್ಲಿಗೂ ಹೋಗಲಿಲ್ಲ. ಆಮೇಲೆ ರಜಕ್ಕೆ ಬಂದ ನನ್ನ ತಂಗಿಯ ಮಗುವಿನ ಮುಖದ ಹತ್ತಿರ ಕರಿಯ ಹಲ್ಲು ಬಡಿದ. ತಾಗಲಿಲ್ಲ. ಅವತ್ತೇ ಸಂಜೆ ಆಸ್ಪತ್ರೆಯಲ್ಲಿದ್ದೆವು. ಕೆಲಸದವರ ಕೈ ಹರಿದಾಗ ಐದು ತಿಂಗಳು, ನಮ್ಮ ಮಗುವಿಗೆ ತಾಗದೇ ಇದ್ದಾಗ ಐದು ಗಂಟೆ. ಈ ಲೆಕ್ಕವನ್ನು ನನಗೆ ಯಾರೂ ಮಾಡಿ ತೋರಿಸಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ತಾನಾಗೇ ಬಂತು.

ಡಾಕ್ಟರು ಕರಿಯನ ಬಾಯಿಗೆ ಮುಖವಾಡ ಹಾಕಿಸಿ, ಕಿವಿಯನ್ನು ಎತ್ತಿ ನೋಡಿದರು. ಒಳಗೆಲ್ಲ ಸೋಂಕು, ಕಂದು ಬಣ್ಣದ ಕೀವು, ವಾಸನೆ. ತಿಂಗಳುಗಟ್ಟಲೆಯಿಂದ ಇರಬೇಕು ಅಂದರು. ಜೋತು ಕಿವಿಯ ನಾಯಿಗಳಲ್ಲಿ ಇದು ಸಾಮಾನ್ಯವಂತೆ. ತಲೆ ಸವರಿದ ನೆಂಟರಿಗೆ ಗುರ್ ಅಂದದ್ದು ಯಾಕೆ, ಒರೆಸುವ ಕೈ ಕಿವಿಗೆ ತಗುಲಿದಾಗ ಕಚ್ಚಿದ್ದು ಯಾಕೆ, ಎಲ್ಲ ಒಂದೇ ನಿಮಿಷದಲ್ಲಿ ಅರ್ಥವಾಯಿತು. ನಾವು ಚಪ್ಪಲಿಯಲ್ಲಿ ಹೊಡೆದದ್ದು ಕಿವಿನೋವಿಗೆ.

ಎಲ್ಲ ಕಚ್ಚುವ ನಾಯಿಗೂ ಕಿವಿನೋವೇ ಇರುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ಹಲ್ಲುನೋವು, ಸೊಂಟದ ಕೀಲುನೋವು, ಚರ್ಮದ ತುರಿಕೆ, ಥೈರಾಯ್ಡ್ ತೊಂದರೆ, ಮುದಿನಾಯಿಗೆ ಕಣ್ಣು ಕಾಣಿಸದಿರುವುದು, ಇವೆಲ್ಲ ನಾಯಿಯ ಸ್ವಭಾವ ಕೆಡಿಸಬಲ್ಲವು. ಇದನ್ನು ಕಂಡುಹಿಡಿಯುವುದು ಪಶುವೈದ್ಯರು ಮಾತ್ರ. ಹಾಗಂತ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡೋಕೆ ಹೋಗಬೇಡಿ, ಐಬುಪ್ರೊಫೆನ್‌ನಂಥವು ನಾಯಿಗೆ ವಿಷ. ಇನ್ನೊಂದು ಮಾತು: ರೇಬಿಸ್ ಲಸಿಕೆ ಹಾಕಿಸದ ನಾಯಿ ಇದ್ದಕ್ಕಿದ್ದ ಹಾಗೆ ಬದಲಾದರೆ ಅದನ್ನು ಸ್ವಭಾವದ ಸಮಸ್ಯೆ ಅಂತ ಕೂರಬೇಡಿ. ಮುಟ್ಟದೆ, ಪ್ರತ್ಯೇಕವಾಗಿ ಇಟ್ಟು, ಕೂಡಲೇ ಪಶುವೈದ್ಯರಿಗೆ ತಿಳಿಸಿ. ಯಾವ ನಾಯಿ ಕಚ್ಚಿದರೂ, ಮನೆಯದ್ದೇ ಆದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ.

ಕರಿಯನ ಕಿವಿ ಒಂದೂವರೆ ತಿಂಗಳಲ್ಲಿ ವಾಸಿಯಾಯಿತು. ಸಿಟ್ಟು ವಾಸಿಯಾಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅದು ಎರಡು ವಿಷಯ ಕಲಿತಾಗಿತ್ತು: ತಲೆಯ ಕಡೆ ಬರುವ ಕೈ ಅಂದರೆ ನೋವು, ಮತ್ತು ಕಚ್ಚಿದರೆ ಆ ಕೈ ಹಿಂದಕ್ಕೆ ಹೋಗುತ್ತೆ. ತಜ್ಞರು ಬೇಕಾಗೋದು ಇಲ್ಲಿ. ಅವರು ಬಂದು ಮಾಡಿದ ಕೆಲಸದಲ್ಲಿ ಮಂತ್ರವೇನೂ ಇರಲಿಲ್ಲ. ಮೊದಲು ಎರಡು ಗಂಟೆ ಬರೀ ಪ್ರಶ್ನೆ ಕೇಳಿದರು. ಯಾವಾಗ, ಎಲ್ಲಿ, ಯಾರ ಮೇಲೆ, ಅದಕ್ಕೆ ಮೊದಲು ಏನಾಯಿತು, ಆಮೇಲೆ ನೀವು ಏನು ಮಾಡಿದಿರಿ. ಆಮೇಲೆ ಇನ್ನೊಂದು ಕಚ್ಚಾಟ ಆಗದ ಹಾಗೆ ಮನೆಯನ್ನು ಬದಲಾಯಿಸಿದರು: ಹಾಲಿನಿಂದ ಅಡುಗೆಮನೆಗೆ ಹೋಗುವಲ್ಲಿ ಅಡ್ಡಗೇಟು, ಮಲಗೋಕೆ ಯಾರೂ ಓಡಾಡದ ಮೂಲೆ, ಉಸಿರಾಡೋಕೆ, ನೀರು ಕುಡಿಯೋಕೆ ಆಗುವಂಥ ಬುಟ್ಟಿ ಆಕಾರದ ಮುಖವಾಡ. ಅದನ್ನು ಬಲವಂತವಾಗಿ ತೊಡಿಸದೆ, ಒಳಗೆ ತಿಂಡಿ ಇಟ್ಟು ತಾನಾಗೇ ಮೂತಿ ಹಾಕುವ ಹಾಗೆ ಹತ್ತು ದಿನ ಅಭ್ಯಾಸ. ಆಮೇಲೆ ಕೈ. ಎರಡು ಮಾರು ದೂರದಲ್ಲಿ ಕೈ ಎತ್ತಿದರೆ ಒಂದು ಚೂರು ಕೋಳಿಮಾಂಸ. ನಾಯಿ ಆರಾಮಾಗಿದ್ದರೆ ಮಾರನೇ ದಿನ ಅರ್ಧ ಅಡಿ ಹತ್ತಿರ. ಮೈ ಬಿಗಿ ಮಾಡಿದರೆ ಮತ್ತೆ ದೂರ. ನಾಲ್ಕು ತಿಂಗಳು ಇದೇ ಕೆಲಸ. ನೋಡುವವರಿಗೆ ಬೋರು ಹೊಡೆಯುವಷ್ಟು ನಿಧಾನ.

ಕೆಲವು ನಾಯಿಗಳಿಗೆ ಭಯ ಎಷ್ಟಿರುತ್ತೆ ಅಂದರೆ ಕಲಿಯುವ ಸ್ಥಿತಿಯಲ್ಲೇ ಇರಲ್ಲ. ಅಂಥವಕ್ಕೆ ಪಶುವೈದ್ಯರು ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಬರೆಯುತ್ತಾರೆ. ಪರಿಣಾಮ ಕಾಣೋಕೆ ನಾಲ್ಕಾರು ವಾರ ಬೇಕು, ಜೊತೆಗೆ ಕಲಿಕೆಯೂ ನಡೀಬೇಕು. ‘ಮದ್ದು ಕೊಟ್ಟು ಮಂಕು ಮಾಡ್ತಾರೆ’ ಅಂತ ಹೆದರುವವರಿಗೆ ಒಂದೇ ಪ್ರಶ್ನೆ: ದಿನವಿಡೀ ನಡುಗುತ್ತಾ ಬದುಕುವುದು ಆ ನಾಯಿಗೆ ಬಹಳ ಚೂಟಿಯಾಗಿದೆಯಾ?

ಈಗ ಟ್ರೈನರುಗಳ ವಿಷಯ. ಪಶುವೈದ್ಯರಾಗಬೇಕಾದರೆ ಪದವಿ ಬೇಕು, 1984ರ ಕಾಯ್ದೆಯ ಪ್ರಕಾರ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಬೇಕು. ನಾಯಿ ಟ್ರೈನರ್ ಆಗಬೇಕಾದರೆ? ಒಂದು ವಿಸಿಟಿಂಗ್ ಕಾರ್ಡು, ಒಂದು ಮಿಲಿಟರಿ ಪ್ಯಾಂಟು ಸಾಕು. ‘ಬಿಟ್ಟು ಹೋಗಿ, ಇಪ್ಪತ್ತೊಂದು ದಿನದಲ್ಲಿ ಗ್ಯಾರಂಟಿ’ ಅನ್ನುವವರಿದ್ದಾರೆ. ಆ ಇಪ್ಪತ್ತೊಂದು ದಿನ ಅಲ್ಲಿ ಏನು ನಡೆಯುತ್ತೆ ಅಂತ ನೀವು ನೋಡಲ್ಲ. ವಾಪಸು ಬಂದ ನಾಯಿ ಸುಮ್ಮನಿರುತ್ತೆ. ಶಿಸ್ತು ಬಂತು ಅಂತ ಖುಷಿಪಡುತ್ತೀರಿ. ಹೆದರಿ ಮುದುಡಿದ ನಾಯಿಯೂ ಸುಮ್ಮನೇ ಇರುತ್ತೆ.

ಹಾಗಾಗಿ ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನಾಯಿ ಸರಿ ಮಾಡಿದಾಗ ಅದಕ್ಕೆ ಏನು ಕೊಡ್ತೀರಿ? ತಪ್ಪು ಮಾಡಿದಾಗ ಏನು ಮಾಡ್ತೀರಿ? ನನ್ನ ಎದುರಿಗೇ, ನನಗೂ ಕಲಿಸ್ತೀರಾ? ವೆಟ್ ಹತ್ತಿರ ಚೆಕಪ್ ಆಯ್ತಾ ಅಂತ ನೀವು ಯಾಕೆ ಕೇಳಲಿಲ್ಲ? ಎರಡನೇ ಪ್ರಶ್ನೆಗೆ ಉತ್ತರವಾಗಿ ಮುಳ್ಳಿನ ಬೆಲ್ಟು, ಶಾಕ್ ಕೊಡುವ ಬೆಲ್ಟು, ‘ಒಂದು ಝಟಕಾ’ ಅಂತೇನಾದರೂ ಬಂದರೆ ಕೈಮುಗಿದು ಕಳಿಸಿ. ಗ್ಯಾರಂಟಿ ಅಂದರೂ ಕಳಿಸಿ. ಜೀವ ಇರುವ ಪ್ರಾಣಿಯ ನಡತೆಗೆ ಗ್ಯಾರಂಟಿ ಕೊಡೋಕೆ ಅದೇನು ಮಿಕ್ಸಿಯೇ?

ಇಷ್ಟು ಹೇಳಿದರೆ ಬರುವ ಆಕ್ಷೇಪಣೆಗಳು ನನಗೆ ಬಾಯಿಪಾಠವಾಗಿವೆ.

‘ನಮ್ಮಜ್ಜನ ಕಾಲದಲ್ಲಿ ಯಾವ ತಜ್ಞರಿದ್ರು? ನಾಯಿ ಸಾಕ್ಲಿಲ್ವಾ?’ ಸಾಕಿದ್ದರು. ಆ ನಾಯಿಗೆ ಚೈನಿರಲಿಲ್ಲ, ಲಿಫ್ಟಿರಲಿಲ್ಲ. ಬೇಡದವರು ಬಂದರೆ ಹಿತ್ತಲಿಗೆ ಹೋಗಿ ಮಲಗುವ ಸ್ವಾತಂತ್ರ್ಯ ಇತ್ತು. ಈಗಿನ ನಾಯಿ ಆರನೇ ಮಹಡಿಯ ಫ್ಲಾಟಿನಲ್ಲಿ ಹುಟ್ಟಾ ಬೆಳೆದು, ದಿನಕ್ಕೆರಡು ಸಲ ನಾಲ್ಕಡಿ ಅಗಲದ ಲಿಫ್ಟಿನಲ್ಲಿ ಅಪರಿಚಿತರ ಮೊಣಕಾಲಿಗೆ ಒತ್ತಿಕೊಂಡು ಇಳಿಯಬೇಕು. ಮತ್ತೆ, ಅಜ್ಜನ ಕಾಲವನ್ನು ತೀರಾ ಚೆಂದ ಮಾಡುವುದೂ ಬೇಡ. ಆಗ ಕಚ್ಚಿದ ನಾಯಿಯನ್ನು ದೊಣ್ಣೆಯಲ್ಲಿ ಬಡಿದು ಹೂಳುತ್ತಿದ್ದರು. ಅದನ್ನು ಯಾರೂ ಹೇಳಲ್ಲ.

‘ತಳಿಯೇ ಹಾಗೆ, ಏನೂ ಮಾಡೋಕಾಗಲ್ಲ.’ 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೀಗೇ ಯೋಚಿಸಿ ಇಪ್ಪತ್ಮೂರು ತಳಿಗಳ ಆಮದು, ಸಾಕಣೆ, ಮಾರಾಟ ತಡೆಯಿರಿ ಅಂತ ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯವೂ ದೊಡ್ಡದು, ಒಪ್ಪೋಣ. ಅಂಥ ನಾಯಿ ಸಾಕುವವರ ಜವಾಬ್ದಾರಿಯೂ ಅಷ್ಟೇ ದೊಡ್ಡದು. ಆದರೆ ತಳಿಯ ಪಟ್ಟಿ ಮಾಡಿ ಕೂತರೆ ಆ ಪಟ್ಟಿಯಲ್ಲಿಲ್ಲದ ನನ್ನಂಥವರೆಲ್ಲ ‘ನಮ್ದು ಲ್ಯಾಬ್ರಡಾರ್ ಬಿಡಿ’ ಅಂತ ನೆಮ್ಮದಿಯಾಗಿ ಮಲಗುತ್ತೇವೆ. ಅಕ್ಕನ ಕೈ ಹರಿದದ್ದು ಪಾಪದ ನಾಯಿಯೇ.

‘ಅಷ್ಟೆಲ್ಲ ಖರ್ಚು ಮಾಡೋಕೆ ಆಗಲ್ಲ.’ ಇದೊಂದು ಮಾತು ಮಾತ್ರ ಅರ್ಧ ನಿಜ. ನಡತೆಯ ಬಗ್ಗೆ ನಿಜವಾಗಿ ಓದಿಕೊಂಡವರು ನಮ್ಮಲ್ಲಿ ಕಡಿಮೆ, ಇರುವವರೂ ಹೆಚ್ಚಾಗಿ ಬೆಂಗಳೂರಿನಲ್ಲಿ, ಫೀಸೂ ಕಡಿಮೆಯಲ್ಲ. ಚಿಕ್ಕ ಊರಿನವರು ಎಲ್ಲಿಗೆ ಹೋಗಬೇಕು? ಆದರೆ ಸರ್ಕಾರಿ ಪಶು ಆಸ್ಪತ್ರೆ ತಾಲೂಕಿಗೊಂದಾದರೂ ಇದೆ, ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಕಿವಿ, ಹಲ್ಲು, ಕೀಲು ನೋಡಿಸುವುದಕ್ಕೆ ಲಕ್ಷ ಬೇಕಿಲ್ಲ. ಹೊಡೆಯೋದನ್ನು ನಿಲ್ಲಿಸುವುದಕ್ಕೆ ಒಂದು ಪೈಸೆಯೂ ಬೇಕಿಲ್ಲ. ಗೇಟಿಗೆ ಒಳಗಿಂದ ಇನ್ನೊಂದು ಚಿಲಕ ಹಾಕಿಸೋಕೆ, ಕಾಲಿಂಗ್ ಬೆಲ್ಲನ್ನು ಗೇಟಿನ ಹೊರಗೆ ಇಡೋಕೆ, ಜನ ಬರುವ ಹೊತ್ತಿಗೆ ನಾಯಿಯನ್ನು ಒಳಕೋಣೆಯಲ್ಲಿ ಬಿಡೋಕೆ ಎಷ್ಟಾಗುತ್ತೆ? ಇಪ್ಪತ್ತೈದು ಸಾವಿರ ಕೊಟ್ಟು ಮರಿ ತಂದವರು ಈ ಖರ್ಚಿನ ಮಾತಾಡಿದರೆ ನನಗೆ ನಗು ಬರುತ್ತೆ.

ಮರಿ ತರುವವರಿಗೆ ಒಂದು ಮಾತು. ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಮರಿ ಏನೇನನ್ನು ನೆಮ್ಮದಿಯಾಗಿ ನೋಡುತ್ತೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಹೆಲ್ಮೆಟ್ ಹಾಕಿದವರು, ಕೋಲು ಊರುವ ಅಜ್ಜ, ಓಡುವ ಮಕ್ಕಳು, ಸಿಲಿಂಡರಿನ ಸದ್ದು, ಎಲ್ಲ. ‘ಲಸಿಕೆ ಮುಗಿಯೋವರೆಗೂ ಹೊರಗೆ ಬಿಡಬೇಡಿ’ ಅಂತ ಆ ಹೊತ್ತನ್ನೆಲ್ಲ ನಾಲ್ಕು ಗೋಡೆಯೊಳಗೆ ಕಳೆಯುತ್ತೇವೆ. ನೆಲಕ್ಕೆ ಬಿಡಬೇಡಿ ಸರಿ, ತೋಳಲ್ಲಿ ಎತ್ತಿಕೊಂಡು ಹೊರಗೆ ತೋರಿಸಿ. ಅವತ್ತಿನ ಹತ್ತು ನಿಮಿಷ ಮುಂದಿನ ಹತ್ತು ವರ್ಷ ಕಾಯುತ್ತೆ.

ಕಾನೂನು ಏನೂ ಹೇಳಲ್ಲವಾ? ಹೇಳುತ್ತೆ. ಹಳೆಯ ಐಪಿಸಿಯಲ್ಲಿ 289, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 291ನೇ ಕಲಮು. ಸಾಕಿದ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದ ಹಾಗೆ ಎಚ್ಚರ ವಹಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಆದರೆ ‘ನಾನೇ ನೋಡ್ಕಂಡು ಒರೆಸ್ಬೇಕಿತ್ತು’ ಅನ್ನುವವರು ಸ್ಟೇಷನ್ನಿಗೆ ಹೋಗಲ್ಲ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನವರಿಗೆ ‘ನಾಯಿಗೆ ಸರ್ವಿಸ್ ಲಿಫ್ಟ್ ಮಾತ್ರ’ ಅಂತ ಬೋರ್ಡು ಹಾಕಿದರೆ ಕೆಲಸ ಮುಗಿಯಿತು. ಆ ಸರ್ವಿಸ್ ಲಿಫ್ಟಿನಲ್ಲಿ ಓಡಾಡುವವರು ಯಾರು? ಮನೆಕೆಲಸದವರು, ಡೆಲಿವರಿಯವರು. ಅಪಾಯವನ್ನು ಎಲ್ಲಿಗೆ ಸಾಗಿಸಿದಿರಿ ನೋಡಿ! ಅದರ ಬದಲು, ಒಮ್ಮೆ ಕಚ್ಚಿದ ನಾಯಿಯ ಮನೆಯವರು ಪಶುವೈದ್ಯರ ತಪಾಸಣೆ ಮಾಡಿಸಿದ ಚೀಟಿ ತೋರಿಸಬೇಕು, ಹೊರಗೆ ಮುಖವಾಡ ಹಾಕಬೇಕು, ಕಚ್ಚಿಸಿಕೊಂಡವರ ಚಿಕಿತ್ಸೆಯ ಜೊತೆಗೆ ಕೆಲಸ ತಪ್ಪಿದ ದಿನಗಳ ಕೂಲಿಯನ್ನೂ ಕೊಡಬೇಕು ಅಂತ ನಿಯಮ ಮಾಡಲಿ. ಸರ್ಕಾರ ಟ್ರೈನರುಗಳಿಗೆ ಒಂದು ಪರೀಕ್ಷೆ, ಒಂದು ನೋಂದಣಿ ಅಂತ ತರಲಿ. ಜಿಲ್ಲೆಗೊಬ್ಬರಾದರೂ ನಡತೆಯ ವಿಷಯ ಬಲ್ಲ ಪಶುವೈದ್ಯರು ಸರ್ಕಾರಿ ಆಸ್ಪತ್ರೆಯಲ್ಲಿ ಇರಲಿ. ಇದು ನಾಯಿಗೆ ಮಾಡುವ ಉಪಕಾರ ಅಂತ ಅಂದುಕೊಳ್ಳಬೇಡಿ, ಗೇಟಿನ ಹೊರಗೆ ನಿಂತವರಿಗೆ ಮಾಡಬೇಕಾದ ಕರ್ತವ್ಯ.

ಕೊನೆಯದಾಗಿ ಕಹಿ ಮಾತು. ತಜ್ಞರ ಹತ್ತಿರ ಹೋದ ಮಾತ್ರಕ್ಕೆ ಎಲ್ಲ ನಾಯಿಯೂ ಸರಿಹೋಗುವುದಿಲ್ಲ. ಕೆಲವನ್ನು ಜೀವನಪೂರ್ತಿ ನಿಗಾದಲ್ಲಿ ಇಡಬೇಕಾಗುತ್ತೆ. ಅಪರೂಪಕ್ಕೆ ಕೆಲವು ಯಾವ ಮನೆಯಲ್ಲೂ ಇರಲಾರದಷ್ಟು ಅಪಾಯಕಾರಿ ಆಗಿರುತ್ತವೆ. ಆಗ ಪಶುವೈದ್ಯರ ಜೊತೆ ಕೂತು ತುಂಬಾ ಕಷ್ಟದ ತೀರ್ಮಾನ ಮಾಡಬೇಕಾಗುತ್ತೆ. ಅದನ್ನೂ ಮುಖಕ್ಕೆ ಹೇಳುವವರೇ ಒಳ್ಳೆಯ ತಜ್ಞರು. ರಿಂಗ್ ರೋಡಿನಲ್ಲಿ ಬಿಟ್ಟು ಬಂದವರಿಗೆ ಆ ಕಷ್ಟ ಇಲ್ಲ, ಆ ಪ್ರಾಮಾಣಿಕತೆಯೂ ಇಲ್ಲ.

ಕರಿಯ ಈಗ ಸುಮಾರಾಗಿದ್ದಾನೆ. ಗುಣವಾದ ಅಂತ ನಾನು ಹೇಳಲ್ಲ. ಮತ್ತೆ ಗುರ್ ಅನ್ನೋಕೆ ಶುರು ಮಾಡಿದ್ದಾನೆ. ಹಾಗಂದಾಗ ‘ಒಳ್ಳೇದಾಯ್ತು ಮಾರಾಯ, ಹೇಳಿದೆಯಲ್ಲ’ ಅಂತ ನಾವು ದೂರ ಸರಿಯುತ್ತೇವೆ. ಎರಡು ವರ್ಷದಿಂದ ಯಾರಿಗೂ ಕಚ್ಚಿಲ್ಲ. ಜನ ಬಂದರೆ ಅಡ್ಡಗೇಟಿನ ಆಚೆ, ಹೊರಗೆ ಹೋದರೆ ಮುಖವಾಡ.

ಆ ಅಕ್ಕ ಈಗ ನಮ್ಮ ಮನೆಗೆ ಬರಲ್ಲ. ಕರೆಯುವ ಮುಖವೂ ನಮಗಿರಲಿಲ್ಲ. ಕೆಲಸ ತಪ್ಪಿದ ದಿನಗಳ ಲೆಕ್ಕ ಹಾಕಿ, ತಡವಾಗಿ, ದುಡ್ಡು ತಲುಪಿಸಿದೆವು. ‘ಅಯ್ಯೋ, ಇದ್ಯಾಕೆ ಅಮ್ಮಾವ್ರೇ’ ಅಂತ ಸಂಕೋಚದಲ್ಲೇ ತೆಗೆದುಕೊಂಡರು. ಎರಡು ಬೀದಿ ಆಚೆ ಕೆಲಸಕ್ಕೆ ಹೋಗುತ್ತಾರೆ, ಬೆಳಗಿನ ವಾಕಿಂಗಿನಲ್ಲಿ ಒಮ್ಮೊಮ್ಮೆ ಎದುರಾಗುತ್ತಾರೆ. ಕರಿಯನನ್ನು ಕಂಡ ಕೂಡಲೇ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು ರಸ್ತೆಯ ಆ ಬದಿಗೆ ಹೋಗುತ್ತಾರೆ. ನಾನು ಹಗ್ಗ ಗಿಡ್ಡ ಮಾಡಿ ಈ ಬದಿಯ ಗೋಡೆಗೆ ಒತ್ತಿಕೊಂಡು, ಅವರು ದಾಟಿ ಹೋಗುವವರೆಗೂ ನಿಲ್ಲುತ್ತೇನೆ.

‘ಏನೂ ಮಾಡಲ್ಲ, ಬನ್ನಿ’ ಅಂತ ಹೇಳಲ್ಲ.